ಕೆರೆಯ ನೀರಿನಲ್ಲಿ ಕಡಲ ಹಡಗು

ರಾತ್ರಿ ಊಟ ಮುಗಿದು ಮನೆಯವರೆಲ್ಲ ಟಿ.ವಿ. ಮುಂದೆ ಕುಳಿತ ಮೇಲೆ ನನಗೊಂದು ಚಟವಿದೆ. ಮೊಬೈಲಿನಲ್ಲಿ ಪನಾಮಾ ಕಾಲುವೆ ನೋಡುವುದು. ಕಾಲುವೆಯ ಆಡಳಿತದವರು ಅಲ್ಲಲ್ಲಿ ಕ್ಯಾಮೆರಾ ನೆಟ್ಟು, ಯಾರು ಬೇಕಾದರೂ ನೋಡಲಿ ಎಂದು ಪುಕ್ಕಟೆ ಬಿಟ್ಟಿದ್ದಾರೆ. ನಮಗೆ ರಾತ್ರಿ ಒಂಬತ್ತಾದಾಗ ಅವರಿಗೆ ಬೆಳಗಿನ ಹತ್ತೂವರೆ. ಮಿರಾಫ್ಲೋರೆಸ್ ಎಂಬಲ್ಲಿ ಕಾಂಕ್ರೀಟ್ ಗೋಡೆಗಳ ನಡುವೆ ಹಡಗೊಂದು ನುಸುಳುತ್ತಿರುತ್ತದೆ. ತೊಟ್ಟಿಯ ಅಗಲ 33.5 ಮೀಟರ್, ಹಡಗಿನದು 32.3. ಎರಡೂ ಕಡೆ ಉಳಿಯುವುದು ತಲಾ ಎರಡಡಿ. ನಮ್ಮ ಓಣಿಯಲ್ಲಿ ಕಾರು ಹಿಂದಕ್ಕೆ ತೆಗೆಯುವಾಗಲೂ ಇದಕ್ಕಿಂತ ಹೆಚ್ಚು ಜಾಗ ಇರುತ್ತದೆ, ಆದರೂ ಯಾರಾದರೂ ಒಬ್ಬರು ಹಿಂದೆ ನಿಂತು ‘ಬರ್ಲಿ, ಬರ್ಲಿ’ ಅನ್ನಲೇಬೇಕು.

ಅಲ್ಲೂ ಹಾಗೆ ಅನ್ನುವವರಿದ್ದಾರೆ. ಹಡಗು ತೊಟ್ಟಿಯ ಬಾಯಿಗೆ ಬರುತ್ತಿದ್ದಂತೆ ಒಂದು ಪುಟ್ಟ ದೋಣಿ ಅದರ ಹತ್ತಿರ ಹೋಗುತ್ತದೆ. ಮೋಟಾರಿಲ್ಲ, ಇಬ್ಬರು ಕುಳಿತು ಹುಟ್ಟು ಹಾಕುತ್ತಾರೆ. ಹಡಗಿನ ಮೇಲಿಂದ ಇಳಿಬಿಟ್ಟ ತೆಳು ಹಗ್ಗದ ತುದಿಯನ್ನು ಹಿಡಿದು ತಂದು ಗೋಡೆಯ ಮೇಲಿನವರಿಗೆ ಮುಟ್ಟಿಸುವುದು ಅವರ ಕೆಲಸ. ಆ ಹಗ್ಗಕ್ಕೆ ಉಕ್ಕಿನ ಕೇಬಲ್ ಕಟ್ಟಿ ಹಡಗಿನವರು ಮೇಲೆಳೆದುಕೊಳ್ಳುತ್ತಾರೆ. ಕೇಬಲಿನ ಇನ್ನೊಂದು ತುದಿ ಗೋಡೆಯ ಮೇಲೆ ಹಳಿಯಲ್ಲಿ ಓಡುವ ವಿದ್ಯುತ್ ಎಂಜಿನ್ನಿನಲ್ಲಿರುತ್ತದೆ. ಈ ಎಂಜಿನ್ನುಗಳನ್ನು ಅಲ್ಲಿನವರು ‘ಹೇಸರಗತ್ತೆ’ ಎನ್ನುತ್ತಾರೆ. ಹಡಗು ನಡೆಯುವುದು ತನ್ನದೇ ಎಂಜಿನ್ನಿನಿಂದ. ಹೇಸರಗತ್ತೆಗಳು ಎರಡೂ ಕಡೆಯಿಂದ ಕೇಬಲ್ ಬಿಗಿಹಿಡಿದು ಅದು ಗೋಡೆಗೆ ಉಜ್ಜದಂತೆ ನೋಡಿಕೊಳ್ಳುತ್ತವೆ. ಇಷ್ಟೆಲ್ಲ ಯಂತ್ರಗಳಿದ್ದೂ ಮೊದಲ ಹಗ್ಗ ಮಾತ್ರ ಹುಟ್ಟು ಹಾಕುವ ದೋಣಿಯಲ್ಲಿ ಬರುತ್ತದೆ. ಬೇರೆ ಉಪಾಯಗಳನ್ನು ನೋಡಿದರಂತೆ, ಯಾವುದೂ ಇದರಷ್ಟು ಸಲೀಸಾಗಲಿಲ್ಲ.

ಪನಾಮಾ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ, ಎರಡು ಸಾಗರಗಳ ನಡುವೆ ನೆಲ ಸೀಳಿ ತೋಡಿದ ಒಂದು ಉದ್ದನೆಯ ಗುಂಡಿ. ಶಾಲೆಯ ಭೂಗೋಳದ ಪುಸ್ತಕ ಕೊಟ್ಟ ಚಿತ್ರ ಅದು, ನನಗೂ ಬಹಳ ದಿನ ಹಾಗೇ ಇತ್ತು. ಸೂಯೆಜ್ ನಿಜಕ್ಕೂ ಅಂಥದ್ದು: ಮರಳು ತೋಡಿದರು, ಕಡಲ ನೀರು ತಾನೇ ಬಂದು ನಿಂತಿತು. ಪನಾಮಾ ಹಾಗಲ್ಲ. ಇಲ್ಲಿ ಹಡಗು ಮೆಟ್ಟಿಲು ಹತ್ತುತ್ತದೆ. ಸಮುದ್ರಮಟ್ಟದಿಂದ 26 ಮೀಟರ್ ಎತ್ತರದಲ್ಲಿ ಗಾತುನ್ ಎಂಬ ಕೆರೆಯಿದೆ. ಚಾಗ್ರೆಸ್ ನದಿಗೆ ಅಡ್ಡಗಟ್ಟೆ ಹಾಕಿ ಮಾಡಿದ ಕೆರೆ. ಹಡಗು ಒಂದು ಕಡಲಿನಿಂದ ಮೂರು ಮೆಟ್ಟಿಲು ಹತ್ತಿ ಈ ಕೆರೆಗೆ ಬರುತ್ತದೆ, ಕೆರೆಯನ್ನೂ ಅದಕ್ಕೆ ಸೇರಿದ ಕಣಿವೆಯನ್ನೂ ದಾಟಿ ಆ ಕಡೆ ಮೂರು ಮೆಟ್ಟಿಲು ಇಳಿದು ಇನ್ನೊಂದು ಕಡಲಿಗೆ ಸೇರುತ್ತದೆ. ಒಟ್ಟು ಸುಮಾರು 80 ಕಿಲೋಮೀಟರ್ ದಾರಿ.

ಹತ್ತಿಸುವುದು ಯಾವ ಪಂಪೂ ಅಲ್ಲ. ಮೇಲಿನ ತೂಬು ತೆರೆದರೆ ಕೆರೆಯ ನೀರು ಗೋಡೆಯೊಳಗಿನ ಸುರಂಗಗಳಲ್ಲಿ ಇಳಿದು ತೊಟ್ಟಿಯ ತಳದಿಂದ ಉಕ್ಕುತ್ತದೆ. ನೀರು ಏರಿದಂತೆ ಹಡಗೂ ಏರುತ್ತದೆ. ಕೆಳಗಿನ ತೂಬು ತೆರೆದರೆ ನೀರು ಹರಿದು ಹೋಗುತ್ತದೆ, ಹಡಗು ಇಳಿಯುತ್ತದೆ. ಕೆರೆ ಕಂಡ ಊರಿನ ಯಾವ ನೀರುಗಂಟಿಗೂ ಎರಡು ನಿಮಿಷದಲ್ಲಿ ಅರ್ಥವಾಗುವ ಲೆಕ್ಕ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ತೂಬಿನ ಕೆಳಗೆ ಗದ್ದೆಯಿಲ್ಲ, ಕಡಲಿದೆ. ಒಂದು ಹಡಗು ಈ ಬದಿಯಿಂದ ಆ ಬದಿಗೆ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಕಡಲಪಾಲು. ಐದನೇ ಹಂತದ ಯೋಜನೆ ಬರುವ ಮೊದಲು ಬೆಂಗಳೂರಿಗೆ ದಿನಕ್ಕೆ ಬರುತ್ತಿದ್ದ ಕಾವೇರಿ ನೀರು ಸುಮಾರು 145 ಕೋಟಿ ಲೀಟರ್. ಅಂದರೆ ಏಳು ಹಡಗಿಗೆ ಒಂದು ಬೆಂಗಳೂರು. ಪನಾಮಾದಲ್ಲಿ ಒಳ್ಳೆಯ ದಿನ ದಾಟುವುದು 36 ಹಡಗು.

ಹಾಗಾಗಿ ಈ ಕಾಲುವೆಯನ್ನು ದೊಡ್ಡದು ಮಾಡುವುದೆಂದರೆ ಅಗೆಯುವುದಷ್ಟೇ ಅಲ್ಲ. ಆ ಹೆಚ್ಚುವರಿ ನೀರು ಎಲ್ಲಿಂದ ಎಂಬ ಪ್ರಶ್ನೆ ಮೊದಲ ದಿನದಿಂದಲೂ ಪಕ್ಕದಲ್ಲೇ ಕುಳಿತಿತ್ತು. ಅದರ ಕಡೆ ನೋಡದೇ ಇರಲು ಎಷ್ಟು ಜನ ಎಷ್ಟು ಶ್ರಮಪಟ್ಟರು ಎಂಬುದೇ ಈ ವಿಸ್ತರಣೆಯ ಕತೆ ಎಂದು ನನಗನ್ನಿಸುತ್ತದೆ.

* * *

ಮೊದಲು ಕೈಹಾಕಿದವರು ಫ್ರೆಂಚರು. ಸೂಯೆಜ್ ತೋಡಿ ಜಗದ್ವಿಖ್ಯಾತನಾಗಿದ್ದ ಫರ್ಡಿನಾಂಡ್ ಡಿ ಲೆಸೆಪ್ಸ್ 1881ರಲ್ಲಿ ಇಲ್ಲೂ ಅದೇ ಪಾಠ ಒಪ್ಪಿಸಲು ಹೊರಟ. ಕಡಲಮಟ್ಟದಲ್ಲೇ ಸೀಳಿಬಿಡುವುದು ಅವನ ಹಟ. ಆದರೆ ಇದು ಮರಳುಗಾಡಲ್ಲ. ಮಳೆಕಾಡು, ಕುಸಿಯುವ ಗುಡ್ಡ, ಒಂದೇ ರಾತ್ರಿಯಲ್ಲಿ ಉಕ್ಕುವ ನದಿ. ಮಲೇರಿಯಾ ಮತ್ತು ಹಳದಿ ಜ್ವರಕ್ಕೆ ಸತ್ತವರನ್ನೂ ಸೇರಿಸಿ ಸುಮಾರು 22,000 ಜನ ಪ್ರಾಣ ಬಿಟ್ಟರೆಂದು ಅಂದಾಜು. 1889ರಲ್ಲಿ ಕಂಪನಿ ದಿವಾಳಿಯಾಯಿತು.

1904ರಲ್ಲಿ ಅಮೆರಿಕನ್ನರು ಕೆಲಸ ಹಿಡಿದಾಗ ಮೊದಲು ಯುದ್ಧ ಸಾರಿದ್ದು ಗುಡ್ಡದ ಮೇಲಲ್ಲ, ಸೊಳ್ಳೆಯ ಮೇಲೆ. ವೈದ್ಯ ವಿಲಿಯಂ ಗೋರ್ಗಸ್ ಮನೆಮನೆಯ ನೀರಿನ ಪೀಪಾಯಿ ಮುಚ್ಚಿಸಿದ, ಚರಂಡಿಗೆ ಎಣ್ಣೆ ಹಾಕಿಸಿದ. ಇಲ್ಲಿ ನಮ್ಮೂರಿನದೊಂದು ಸಣ್ಣ ಎಳೆ ಇದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೆ ಬಂಗಲೆಯಲ್ಲಿ ಸೊಳ್ಳೆ ಕಾಟ ತಡೆಯಲಾಗಲಿಲ್ಲ. ಹುಡುಕಿದರೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ತೊಟ್ಟಿ ಬೋರಲು ಹಾಕಿದ, ಕಾಟ ಇಳಿಯಿತು. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡುಹಿಡಿದ. ಪನಾಮಾದಲ್ಲಿ ಗೋರ್ಗಸ್ ಮಾಡಿದ್ದು ಊರೂರಿನ ತೊಟ್ಟಿ ಬೋರಲು ಹಾಕಿಸುವ ಕೆಲಸವನ್ನೇ. ಆದರೂ ಅಮೆರಿಕನ್ನರ ಕಾಲದ ಹತ್ತು ವರ್ಷದಲ್ಲಿ 5,609 ಜನ ಸತ್ತರು. ಹೆಚ್ಚಿನವರು ಬಾರ್ಬಡೋಸ್ ಮತ್ತಿತರ ಕೆರಿಬಿಯನ್ ದ್ವೀಪಗಳಿಂದ ಬಂದ ಕರಿಯ ಕೂಲಿಗಳು.

ತೊಟ್ಟಿಯ ಅಗಲ ನಿಗದಿಯಾದ ಬಗೆ ಸ್ವಾರಸ್ಯವಾಗಿದೆ. ಎಂಜಿನಿಯರುಗಳು ಮೊದಲು 95 ಅಡಿ ಸಾಕೆಂದಿದ್ದರು. ಮುಂದೆ ದೊಡ್ಡ ಯುದ್ಧನೌಕೆ ಬರುತ್ತದೆ, ಇನ್ನಷ್ಟು ಬಿಡಿ ಎಂದಿತು ನೌಕಾಪಡೆ. 110 ಅಡಿಗೆ ತೀರ್ಮಾನವಾಯಿತು. 1908ರ ಆ ಒಂದು ತೀರ್ಮಾನ ಮುಂದಿನ ನೂರು ವರ್ಷ ಜಗತ್ತಿನ ಹಡಗುಕಟ್ಟೆಗಳನ್ನೆಲ್ಲ ಆಳಿತು. 1914ರ ಆಗಸ್ಟ್ 15ರಂದು ಕಾಲುವೆ ತೆರೆದ ಮೇಲೆ ಹಡಗು ಕಟ್ಟುವವರು ಕಡಲಿನ ಅಳತೆ ನೋಡಲಿಲ್ಲ, ಈ ತೊಟ್ಟಿಯ ಅಳತೆ ನೋಡಿದರು. ಅಗಲ 32.3 ಮೀಟರ್, ಉದ್ದ 294, ನೀರೊಳಗಿನ ಆಳ 12: ಇದಕ್ಕೆ ‘ಪನಾಮ್ಯಾಕ್ಸ್’ ಎಂದು ಹೆಸರೇ ಬಿತ್ತು. ಎರಡನೇ ಮಹಾಯುದ್ಧದ ‘ಮಿಸ್ಸೌರಿ’ ಯುದ್ಧನೌಕೆಯ ಅಗಲ 108 ಅಡಿ ಚಿಲ್ಲರೆ. ಎರಡೂ ಬದಿ ಒಂದೊಂದು ಅಡಿಯೂ ಉಳಿಯದ ಹಾಗೆ ಅದು 1945ರಲ್ಲಿ ಇಲ್ಲಿ ತೂರಿಕೊಂಡು ಹೋಯಿತು.

ಮೂರನೆಯ ಸಾಲು ತೊಟ್ಟಿಗಳನ್ನು ಕಟ್ಟುವ ಕೆಲಸವನ್ನು ಅಮೆರಿಕನ್ನರು 1939ರಲ್ಲೇ ಶುರು ಮಾಡಿದ್ದರು. ಯುದ್ಧ ಬಿಗಿಯಾಗಿ 1942ರಲ್ಲಿ ನಿಲ್ಲಿಸಿದರು. ತೋಡಿದ ಗುಂಡಿಗಳಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಮಳೆನೀರು ನಿಂತಿತ್ತು.

ಅಷ್ಟರಲ್ಲಿ ಕಂಟೇನರ್ ಬಂತು. ಒಂದರ ಮೇಲೊಂದು ಪೆಟ್ಟಿಗೆ ಪೇರಿಸುವ ವ್ಯಾಪಾರದಲ್ಲಿ ಹಡಗು ಎಷ್ಟು ದೊಡ್ಡದಾದರೆ ಪೆಟ್ಟಿಗೆಯೊಂದಕ್ಕೆ ತಗಲುವ ಖರ್ಚು ಅಷ್ಟು ಕಡಿಮೆ. 1988ರಲ್ಲಿ ಅಮೆರಿಕದ ಒಂದು ಕಂಪನಿ ‘ನಮಗೆ ಪನಾಮಾ ಬೇಡ’ ಎಂದು ನಿರ್ಧರಿಸಿಯೇ ಕಾಲುವೆಗಿಂತ ಅಗಲದ ಹಡಗುಗಳನ್ನು ಕಟ್ಟಿಸಿತು. ಏಷ್ಯಾದ ಸರಕನ್ನು ಪಶ್ಚಿಮ ತೀರದಲ್ಲಿ ಇಳಿಸಿ, ಅಲ್ಲಿಂದ ರೈಲಿನಲ್ಲಿ ಪೂರ್ವಕ್ಕೆ ಕಳಿಸಿದರಾಯಿತು ಎಂಬ ಲೆಕ್ಕ. ಒಮ್ಮೆ ಆ ಬೇಲಿ ಮುರಿದ ಮೇಲೆ ಹಡಗುಗಳು ಬಲಿಯುತ್ತಲೇ ಹೋದವು. 1999ರ ಡಿಸೆಂಬರ್ 31ರ ಮಧ್ಯಾಹ್ನ ಕಾಲುವೆ ಪನಾಮಾದವರ ಕೈಗೆ ಬಂದಾಗ ಅವರಿಗೆ ಸಿಕ್ಕಿದ್ದು ಗಟ್ಟಿಮುಟ್ಟಾದ, ಆದರೆ ಬಾಗಿಲು ಕಿರಿದಾದ ಹಳೆಯ ಮನೆ.

* * *

2006ರ ಏಪ್ರಿಲಿನಲ್ಲಿ ಅಧ್ಯಕ್ಷ ಮಾರ್ಟಿನ್ ಟೊರಿಹೋಸ್ ವಿಸ್ತರಣೆಯ ಯೋಜನೆ ಪ್ರಕಟಿಸಿದರು. 1977ರಲ್ಲಿ ಅಮೆರಿಕದ ಜಿಮ್ಮಿ ಕಾರ್ಟರ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ಕಾಲುವೆಯನ್ನು ಬಿಡಿಸಿಕೊಂಡ ಓಮರ್ ಟೊರಿಹೋಸ್ ಅವರ ಮಗ ಇವರು. ಖರ್ಚು 525 ಕೋಟಿ ಡಾಲರ್. ಜನರ ಒಪ್ಪಿಗೆ ಬೇಕೆಂದು ಸಂವಿಧಾನದಲ್ಲೇ ಬರೆದಿತ್ತು. ಅಕ್ಟೋಬರ್ 22ರಂದು ಮತ ಹಾಕಿಸಿದರು. ಮತಗಟ್ಟೆಗೆ ಬಂದವರು ನೂರಕ್ಕೆ 43ರಷ್ಟು, ಬಂದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ‘ಆಗಲಿ’ ಎಂದರು.

ಆ ವರ್ಷ ಇನ್ನೆರಡು ಸಂಗತಿ ನಡೆದವು. ಮೊದಲನೆಯದು ಪನಾಮಾದ ಸಂಸತ್ತಿನಲ್ಲಿ. ಕಾಲುವೆಗೆ ನೀರು ತರಲು ಪಶ್ಚಿಮದ ನದಿಗಳನ್ನೂ ಅದರ ಜಲಾನಯನಕ್ಕೆ ಸೇರಿಸಿ 1999ರಲ್ಲಿ ಒಂದು ಕಾನೂನು ಮಾಡಿದ್ದರು. ಅಲ್ಲಿನ ರೈತರಿಗೆ ಅದರ ಅರ್ಥ ಗೊತ್ತಾಗಲು ತಡವಾಗಲಿಲ್ಲ: ಇವತ್ತು ನಕ್ಷೆಯಲ್ಲಿ ಗೆರೆ, ನಾಳೆ ಹೊಲದಲ್ಲಿ ನೀರು. ಸಂಘ ಕಟ್ಟಿಕೊಂಡು ವಿರೋಧಿಸಿದರು. ಮತದಾನ ಹತ್ತಿರ ಬಂದಾಗ ಈ ಜಗಳ ಬೇಡವೆಂದು 2006ರ ಜೂನ್‌ನಲ್ಲಿ ಆ ಕಾನೂನನ್ನೇ ರದ್ದು ಮಾಡಿದರು. ಹೊಸ ತೊಟ್ಟಿಗಳಿಗೆ ಹೊಸ ಅಣೆಕಟ್ಟು ಬೇಕಿಲ್ಲ, ಗಾತುನ್ ಕೆರೆಯ ಮಟ್ಟವನ್ನು 45 ಸೆಂಟಿಮೀಟರ್ ಏರಿಸಿ, ನೀರು ಉಳಿಸುವ ಕೊಳಗಳನ್ನು ಕಟ್ಟಿದರೆ ಸಾಕು ಎಂಬ ಮಾತು ಕೊಟ್ಟರು. ಈ ಮಾತನ್ನು ನೆನಪಿಟ್ಟುಕೊಂಡಿರಿ.

ಎರಡನೆಯದು ಡೆನ್ಮಾರ್ಕಿನಲ್ಲಿ. ಮತದಾನಕ್ಕೆ ಆರೇ ವಾರ ಮೊದಲು, ಸೆಪ್ಟೆಂಬರ್‌ನಲ್ಲಿ, ‘ಎಮ್ಮಾ ಮಾರ್ಸ್ಕ್’ ಎಂಬ ಕಂಟೇನರ್ ಹಡಗು ಮೊದಲ ಪ್ರಯಾಣ ಹೊರಟಿತು. ಅದರ ಅಗಲ 56 ಮೀಟರಿಗೂ ಹೆಚ್ಚು. ಪನಾಮಾದ ಜನ ಮತ ಹಾಕಲಿದ್ದ ಹೊಸ ತೊಟ್ಟಿಯ ಅಗಲ 55. ಇನ್ನೂ ಕಟ್ಟದ, ಇನ್ನೂ ಒಪ್ಪಿಗೆಯೇ ಸಿಗದ ಬಾಗಿಲು ಆಗಲೇ ಕಿರಿದಾಗಿತ್ತು. ಮಗನಿಗೆ ಯುಗಾದಿಗೆಂದು ಹೊಲಿಸಿದ ಅಂಗಿ ದೀಪಾವಳಿಗೆ ಬಿಗಿಯಾಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಇಲ್ಲಿ ಬಟ್ಟೆ ಕತ್ತರಿಸುವ ಮೊದಲೇ ಹಾಗಾಯಿತು.

ಇದನ್ನು ದಡ್ಡತನ ಎನ್ನಲು ನನಗೆ ಮನಸ್ಸಿಲ್ಲ. ಅತಿ ದೊಡ್ಡ ಹಡಗುಗಳು ಓಡುವುದು ಏಷ್ಯಾ ಮತ್ತು ಯುರೋಪಿನ ನಡುವೆ, ಸೂಯೆಜ್ ಮೂಲಕ. ಅವುಗಳಿಗೂ ತೊಟ್ಟಿ ಕಟ್ಟುತ್ತೇನೆಂದು ಹೊರಟರೆ ಸಾಲ ತೀರುವುದಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಿತ್ತು.

* * *

2007ರ ಸೆಪ್ಟೆಂಬರ್ 3ರಂದು ಪರಾಯಿಸೊ ಗುಡ್ಡಕ್ಕೆ ಮದ್ದು ಸಿಡಿಸಿ ಕೆಲಸ ಶುರುವಾಯಿತು. ಅಟ್ಲಾಂಟಿಕ್ ಬದಿಗೆ ‘ಆಗ್ವಾ ಕ್ಲಾರಾ’, ಪೆಸಿಫಿಕ್ ಬದಿಗೆ ‘ಕೊಕೊಲಿ’ ಎಂಬ ಎರಡು ಹೊಸ ಸಾಲು. ಒಂದೊಂದರಲ್ಲೂ ಮೂರು ತೊಟ್ಟಿ. ಪ್ರತಿ ತೊಟ್ಟಿ 427 ಮೀಟರ್ ಉದ್ದ, 55 ಅಗಲ, 18.3 ಆಳ. 1942ರಲ್ಲಿ ಬಿಟ್ಟುಹೋದ ಗುಂಡಿಗಳಲ್ಲಿ ಒಂದಷ್ಟು ಈಗ ಕೆಲಸಕ್ಕೆ ಬಂದವು.

ಗುಡ್ಡ ಬಗೆದಂತೆ ಎಂಜಿನಿಯರುಗಳ ಹಿಂದೆಯೇ ಇನ್ನೊಂದು ಗುಂಪು ನಡೆಯುತ್ತಿತ್ತು. ಉಷ್ಣವಲಯದ ದಟ್ಟ ಕಾಡಿನಲ್ಲಿ ಬಂಡೆಯ ಪದರ ಹೀಗೆ ಬಯಲಾಗುವುದು ಅಪರೂಪ. ಮಳೆ ಬಂದು ಮತ್ತೆ ಹಸಿರು ಮುಚ್ಚುವುದರೊಳಗೆ ಪಳೆಯುಳಿಕೆ ಆಯ್ದುಕೊಳ್ಳಬೇಕು. ಸ್ಮಿತ್‌ಸೋನಿಯನ್ ಸಂಸ್ಥೆ ಮತ್ತು ಫ್ಲೋರಿಡಾ ವಿಶ್ವವಿದ್ಯಾಲಯದವರು ಪುರಾತನ ಶಾರ್ಕ್, ಕುಳ್ಳ ಒಂಟೆಗಳ ಜೊತೆ ಏಳು ಹಲ್ಲು ಹುಡುಕಿದರು. 2.1 ಕೋಟಿ ವರ್ಷ ಹಿಂದಿನ ಒಂದು ಮಂಗನ ಹಲ್ಲುಗಳು. ಆ ಕಾಲಕ್ಕೆ ದಕ್ಷಿಣ ಅಮೆರಿಕ ಮತ್ತು ಪನಾಮಾದ ನಡುವೆ ಇನ್ನೂ ಕಡಲಿತ್ತು, ನೂರಕ್ಕೂ ಹೆಚ್ಚು ಕಿಲೋಮೀಟರಿನ ಕಡಲು. ಆ ಮಂಗ ಅದನ್ನು ಹೇಗೋ ದಾಟಿ ಬಂದಿತ್ತು. ಮರದ ತೆಪ್ಪದ ಮೇಲೆ ತೇಲಿ ಬಂದಿರಬೇಕು ಎನ್ನುತ್ತಾರೆ ವಿಜ್ಞಾನಿಗಳು. ನಮ್ಮ ಕಡೆಯವರಿಗೆ ಬೇರೆ ವಿವರಣೆ ಗೊತ್ತಿದೆ, ಇರಲಿ. ಅದಕ್ಕೆ ಅವರಿಟ್ಟ ಹೆಸರು ‘ಪನಾಮಸೀಬಸ್ ಟ್ರಾನ್ಸಿಟಸ್’, ದಾಟಿ ಬಂದದ್ದು.

ತೊಟ್ಟಿ ಕಟ್ಟುವ ಗುತ್ತಿಗೆ 2009ರಲ್ಲಿ ಸ್ಪೇನ್, ಇಟಲಿ, ಬೆಲ್ಜಿಯಂ ಮತ್ತು ಪನಾಮಾದ ನಾಲ್ಕು ಕಂಪನಿಗಳ ಕೂಟಕ್ಕೆ ಸಿಕ್ಕಿತು. ಅವರು ಹಾಕಿದ ಮೊತ್ತ ಸುಮಾರು 312 ಕೋಟಿ ಡಾಲರ್. ಅಮೆರಿಕದ ದೊಡ್ಡ ಕಂಪನಿಯೊಂದು ಹಾಕಿದ್ದಕ್ಕಿಂತ 100 ಕೋಟಿ ಡಾಲರ್ ಕಡಿಮೆ. ಟೆಂಡರ್ ಕಂಡವರಿಗೆ ಮುಂದಿನ ಅಧ್ಯಾಯ ಹೇಳಬೇಕಿಲ್ಲ. 2014ರ ಆರಂಭದಲ್ಲಿ ಗುತ್ತಿಗೆದಾರರು 160 ಕೋಟಿ ಡಾಲರ್ ಹೆಚ್ಚುವರಿ ಕೇಳಿದರು, ಕೊಡದಿದ್ದರೆ ಕೆಲಸ ಬಂದ್ ಎಂದರು, ಸ್ವಲ್ಪ ದಿನ ಬಂದ್ ಮಾಡಿಯೂ ತೋರಿಸಿದರು. ಜಗಳದ ಒಂದು ಮೂಲ ಜಲ್ಲಿ. ತೋಡಿದ ಕಲ್ಲನ್ನೇ ಪುಡಿಮಾಡಿ ಕಾಂಕ್ರೀಟಿಗೆ ಹಾಕಬಹುದೆಂಬ ಎಣಿಕೆ ಅಂದುಕೊಂಡಷ್ಟು ಸುಲಭವಾಗಲಿಲ್ಲ ಎಂಬುದು ಗುತ್ತಿಗೆದಾರರ ವಾದ. ನೂರು ವರ್ಷ ಉಪ್ಪುನೀರಿನಲ್ಲಿ ನಿಲ್ಲಬೇಕಾದ ಗೋಡೆಗೆ ಎಂಥ ಜಲ್ಲಿ, ಎಂಥ ಮಿಶ್ರಣ ಎಂಬುದರ ಸುತ್ತ ವಕೀಲರು ವರ್ಷಗಟ್ಟಲೆ ಸುತ್ತಿದರು.

ಬಾಗಿಲುಗಳು ಇಟಲಿಯಿಂದ ಹಡಗಿನಲ್ಲಿ ಬಂದವು. ಒಟ್ಟು 16. ಹಳೆಯ ತೊಟ್ಟಿಗಳದ್ದು ನಮ್ಮ ಮನೆಯ ಹೆಬ್ಬಾಗಿಲಿನ ಹಾಗೆ ಎರಡು ರೆಕ್ಕೆ. ಹೊಸವು ಅಂಗಡಿಯ ಸರಿಸುವ ಬಾಗಿಲಿನಂತೆ ಪಕ್ಕದ ಗೂಡಿನೊಳಗೆ ಸರಿಯುತ್ತವೆ. ದೊಡ್ಡವು ಹತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರ, 4,000 ಟನ್ನಿಗೂ ಹೆಚ್ಚು ತೂಕ. ಗೂಡಿನಲ್ಲೇ ನೀರು ಖಾಲಿ ಮಾಡಿ ರಿಪೇರಿ ಮಾಡಬಹುದು ಎಂಬುದು ಇದರ ಅನುಕೂಲ.

2015ರ ಆಗಸ್ಟಿನಲ್ಲಿ ಕೊಕೊಲಿಗೆ ಮೊದಲ ಬಾರಿ ನೀರು ತುಂಬಿ ನೋಡುವಾಗ ಎರಡು ತೊಟ್ಟಿಗಳ ನಡುವಿನ ಕಾಂಕ್ರೀಟ್ ಹೊಸ್ತಿಲಿನಿಂದ ನೀರು ಒಸರತೊಡಗಿತು. ಒಸರುವುದೇನು, ಬಿರುಕಿನಿಂದ ಚಿಮ್ಮಿತು. ಆ ವಿಡಿಯೊ ಜಗತ್ತೆಲ್ಲ ಓಡಾಡಿತು. ಕಬ್ಬಿಣ ಸಾಲದೆ ಹೀಗಾಗಿದೆ ಎಂದು ಕಂಡುಕೊಂಡು ಮತ್ತೆ ಬಲಪಡಿಸಿದರು. ಕಾಲುವೆಯ ಶತಮಾನೋತ್ಸವಕ್ಕೆ, ಅಂದರೆ 2014ಕ್ಕೆ ಆಗಬೇಕಿದ್ದ ಉದ್ಘಾಟನೆ 2016ರ ಜೂನ್ 26ರ ಭಾನುವಾರ ಆಯಿತು. ಚೀಟಿ ಎತ್ತಿ ಆರಿಸಿದ ಚೀನಾದ ಹಡಗೊಂದು, ಈ ಸಂದರ್ಭಕ್ಕೆಂದೇ ‘ಕಾಸ್ಕೊ ಶಿಪ್ಪಿಂಗ್ ಪನಾಮಾ’ ಎಂದು ಹೆಸರು ಬದಲಿಸಿಕೊಂಡು, ಬೆಳಿಗ್ಗೆ ಅಟ್ಲಾಂಟಿಕ್ ಬದಿಯಲ್ಲಿ ಹತ್ತಿ ಸಂಜೆ ಪೆಸಿಫಿಕ್ ಬದಿಯಲ್ಲಿ ಇಳಿಯಿತು.

* * *

ಹೊಸ ತೊಟ್ಟಿಗಳಲ್ಲಿ ಹೇಸರಗತ್ತೆ ಇಲ್ಲ. ಮುಂದೊಂದು ಹಿಂದೊಂದು ಟಗ್ ದೋಣಿ ಹಡಗಿಗೆ ಕಟ್ಟಿಕೊಂಡು ಅದರ ಜೊತೆಯೇ ತೊಟ್ಟಿಯೊಳಗೆ ಬರುತ್ತವೆ. ಇಕ್ಕಟ್ಟಿನಲ್ಲಿ ಇದು ಅಪಾಯವೆಂದು ಟಗ್ ಕ್ಯಾಪ್ಟನ್ನುಗಳೇ ತಕರಾರು ತೆಗೆದರು. ಅಭ್ಯಾಸಕ್ಕೆಂದು ಒಂದು ಕೊಳ ತೋಡಿ, 25ರಲ್ಲಿ ಒಂದರಷ್ಟು ಅಳತೆಯ ಹಡಗು, ಟಗ್, ತೊಟ್ಟಿಗಳನ್ನು ಮಾಡಿದ್ದಾರೆ. ದೊಡ್ಡ ದೊಡ್ಡ ಹಡಗು ನಡೆಸಿದ ನಡುವಯಸ್ಸಿನ ಗಂಡಸರು ಟೋಪಿ ಹಾಕಿಕೊಂಡು ಆಟಿಕೆ ಹಡಗಿನೊಳಗೆ ಕಾಲು ಚಾಚಿ ಕೂತು ಗಂಭೀರವಾಗಿ ಅದನ್ನು ತಿರುಗಿಸುತ್ತಾರೆ. ನಗಬೇಡಿ: ಪನಾಮಾದಲ್ಲಿ ಕಾಲುವೆಯ ಪೈಲಟ್ ಹಡಗು ಹತ್ತಿದ ಮೇಲೆ ಅದನ್ನು ನಡೆಸುವ ಪೂರ್ತಿ ಅಧಿಕಾರ ಅವನದ್ದು, ಕ್ಯಾಪ್ಟನ್ನಿನದ್ದಲ್ಲ. ಬೇರೆಡೆಗಳಲ್ಲಿ ಸಾಮಾನ್ಯವಾಗಿ ಪೈಲಟ್ ಸಲಹೆಗಾರ ಮಾತ್ರ.

ನನಗೆ ತುಂಬ ಇಷ್ಟವಾದದ್ದು ನೀರು ಉಳಿಸುವ ಕೊಳಗಳು. ಪ್ರತಿ ತೊಟ್ಟಿಯ ಪಕ್ಕದಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಮೂರು ಅಗಲದ ಕೊಳಗಳಿವೆ. ತೊಟ್ಟಿಯಿಂದ ಇಳಿಸಬೇಕಾದ ನೀರನ್ನು ಐದು ಪದರ ಎಂದುಕೊಳ್ಳಿ. ಹಡಗು ಇಳಿಯುವಾಗ ಎಲ್ಲಕ್ಕಿಂತ ಮೇಲಿನ ಪದರವನ್ನು ಎತ್ತರದ ಕೊಳಕ್ಕೆ ಹರಿಸುತ್ತಾರೆ. ಎರಡನೆಯದನ್ನು ನಡುವಿನ ಕೊಳಕ್ಕೆ, ಮೂರನೆಯದನ್ನು ತಗ್ಗಿನ ಕೊಳಕ್ಕೆ. ಉಳಿದೆರಡು ಪದರ ಕೆಳಗಿನ ತೊಟ್ಟಿಗೆ ಹೋಗುತ್ತವೆ. ಮುಂದಿನ ಹಡಗು ಏರಬೇಕಾದಾಗ ಇದೇ ಲೆಕ್ಕ ತಿರುಗುಮುರುಗು. ತಗ್ಗಿನ ಕೊಳದ ನೀರು ಬಂದು ತಳದ ಪದರವಾಗುತ್ತದೆ, ನಡುವಿನ ಕೊಳದ್ದು ಅದರ ಮೇಲೆ, ಎತ್ತರದ ಕೊಳದ್ದು ಇನ್ನೂ ಮೇಲೆ. ಮೂರು ಪದರ ಹಳೆಯ ನೀರಿನಿಂದಲೇ ತುಂಬಿತು. ಮೇಲಿನ ಎರಡಕ್ಕೆ ಮಾತ್ರ ಹೊಸ ನೀರು ಬೇಕು. ಐದರಲ್ಲಿ ಮೂರು ಉಳಿತಾಯ, ನೂರಕ್ಕೆ ಅರವತ್ತು. ಇಲ್ಲೂ ಪಂಪಿಲ್ಲ, ಎಲ್ಲವೂ ಇಳಿಜಾರಿನ ಕೆಲಸ. ತೊಟ್ಟಿ ಎಷ್ಟೋ ದೊಡ್ಡದಾದರೂ ಹಳೆಯದಕ್ಕಿಂತ ನೂರಕ್ಕೆ ಏಳರಷ್ಟು ಕಡಿಮೆ ನೀರು ಸಾಕು. ಬಟ್ಟೆ ಒಗೆದ ನೀರಿನಿಂದ ಅಂಗಳ ತೊಳೆದು, ಉಳಿದದ್ದನ್ನು ತೆಂಗಿನ ಬುಡಕ್ಕೆ ಬಿಡುತ್ತಿದ್ದ ನನ್ನಜ್ಜಿ ನೋಡಿದ್ದರೆ ಮೆಚ್ಚುತ್ತಿದ್ದಳು.

ಅಜ್ಜಿ ಕೇಳುತ್ತಿದ್ದ ಮುಂದಿನ ಪ್ರಶ್ನೆ, ಆ ನೀರು ಕೊಳೆಯಾಗುವುದಿಲ್ಲವೇ? ಆಗುತ್ತದೆ. ಕೊಳೆಯಲ್ಲ, ಉಪ್ಪು. ಕೆಳಗಿನ ಬಾಗಿಲು ತೆರೆದಾಗಲೆಲ್ಲ ಕಡಲಿನ ನೀರು ಸ್ವಲ್ಪ ಒಳಗೆ ನುಗ್ಗುತ್ತದೆ. ಅದನ್ನು ಹೊರಗೆ ಚೆಲ್ಲದೆ ಮತ್ತೆ ಮತ್ತೆ ಬಳಸಿದರೆ ಉಪ್ಪು ಮೆಟ್ಟಿಲು ಹತ್ತುತ್ತ ಹತ್ತುತ್ತ ಕೆರೆಗೆ ಬರುತ್ತದೆ. ಪನಾಮಾದ ಅರ್ಧಕ್ಕಿಂತ ಹೆಚ್ಚು ಜನ ಕುಡಿಯುವುದು ಗಾತುನ್ ಮತ್ತು ಅದರ ಮೇಲಿನ ಅಲಹುವೇಲಾ ಜಲಾಶಯದ ನೀರನ್ನು. ನೀರು ಉಳಿಸಲು ಹೋದರೆ ಉಪ್ಪು, ಉಪ್ಪು ತೊಳೆಯಲು ಹೋದರೆ ನೀರು.

* * *

ಬಾಗಿಲು ಅಗಲವಾದ ಸುದ್ದಿಗೆ ಸಾವಿರಾರು ಮೈಲಿ ದೂರದ ಊರುಗಳೂ ಮೈ ಬದಲಿಸಿಕೊಂಡವು. ನ್ಯೂಯಾರ್ಕಿನ ಬಂದರಿನ ದಾರಿಗೆ ಅಡ್ಡವಾಗಿದ್ದ ಬೇಯಾನ್ ಸೇತುವೆಯಡಿ ಎತ್ತರದ ಹಡಗು ತೂರುವುದಿಲ್ಲ. ಕಮಾನು ಹಾಗೇ ಇಟ್ಟು, ವಾಹನ ಓಡುವ ರಸ್ತೆಯನ್ನು 64 ಅಡಿ ಮೇಲಕ್ಕೆ ಕಟ್ಟಿದರು. ಪೂರ್ವ ತೀರದ ಬಂದರುಗಳು ಹೂಳೆತ್ತಿ 50 ಅಡಿ ಆಳ ಮಾಡಿಕೊಂಡವು, ದೊಡ್ಡ ಕ್ರೇನ್ ತರಿಸಿದವು. ಹಾಗೆ ತಯಾರಾದ ಬಂದರುಗಳಲ್ಲಿ ಬಾಲ್ಟಿಮೋರ್ ಒಂದು. 2024ರ ಮಾರ್ಚ್‌ನಲ್ಲಿ ‘ಡಾಲಿ’ ಎಂಬ ಹಡಗು ಅಲ್ಲಿನ ಸೇತುವೆಗೆ ಗುದ್ದಿ ಅದು ನೀರಿಗೆ ಬಿದ್ದದ್ದು ನಮ್ಮಲ್ಲೂ ದೊಡ್ಡ ಸುದ್ದಿಯಾಯಿತು, ಏಕೆಂದರೆ ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರು. ಡಾಲಿಯ ಅಗಲ 48.2 ಮೀಟರ್. ಪನಾಮಾದ ಹಳೆಯ ತೊಟ್ಟಿಗೆ ಹಿಡಿಸದ, ಹೊಸದಕ್ಕೆ ಅಚ್ಚುಕಟ್ಟಾಗಿ ಕೂರುವ ಅಳತೆ. ಸೇತುವೆ ಕಟ್ಟಿದ್ದು 1970ರ ದಶಕದಲ್ಲಿ, ಇಷ್ಟು ತೂಕದ ಹಡಗು ಅದರಡಿ ಓಡಾಡೀತೆಂದು ಯಾರೂ ನೆನೆಸದ ಕಾಲದಲ್ಲಿ.

2021ರಲ್ಲಿ ಸೂಯೆಜ್‌ಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡ ‘ಎವರ್ ಗಿವನ್’ ನೆನಪಿರಬೇಕು. ಅದರಲ್ಲೂ 25 ಮಂದಿ ನಮ್ಮ ದೇಶದವರೇ ಇದ್ದರು. ಈಜಿಪ್ಟಿನವರು ಆಮೇಲೆ ದಕ್ಷಿಣದ ಆ ಭಾಗವನ್ನು ಇನ್ನೂ 40 ಮೀಟರ್ ಹೆಚ್ಚು ಅಗಲ ಮಾಡಿದರು. ಮರಳು ತೋಡಿದರಾಯಿತು. ಅಲ್ಲಿ ಯಾರೂ ಮಳೆಯ ಲೆಕ್ಕ ಕೇಳುವುದಿಲ್ಲ.

ಪನಾಮಾದಲ್ಲಿ ಕೇಳುವ ಕಾಲ 2023ರಲ್ಲಿ ಬಂತು. ಎಲ್ ನಿನೊ ವರ್ಷ. ಮಳೆಗಾಲದ ನಡುಮಧ್ಯದ ಅಕ್ಟೋಬರ್ ತಿಂಗಳು 1950ರಿಂದೀಚೆಗೆ ಎಂದೂ ಕಾಣದಷ್ಟು ಒಣಗಿತು. ನಮ್ಮ ಪತ್ರಿಕೆಗಳು ಕೆಆರ್‌ಎಸ್, ಕಬಿನಿ, ಲಿಂಗನಮಕ್ಕಿಯ ಮಟ್ಟ ಕೊಡುವ ಹಾಗೆ ಗಾತುನ್ ಕೆರೆಯ ಮಟ್ಟವನ್ನು ಆ ವರ್ಷ ಸಿಂಗಪುರ, ಟೋಕಿಯೊದ ಹಡಗು ಕಂಪನಿಗಳು ದಿನಾ ನೋಡುತ್ತಿದ್ದವು. 50 ಅಡಿ ಮುಳುಗಬಹುದಾಗಿದ್ದ ಹಡಗಿಗೆ 44 ಅಡಿ ಮಿತಿ ಹಾಕಿದರು. ಒಂದೊಂದು ಅಡಿಗೂ ನೂರಾರು ಕಂಟೇನರ್ ಕೆಳಗಿಳಿಸಬೇಕು. ದಿನಕ್ಕೆ 36 ಇದ್ದದ್ದು ಇಳಿಯುತ್ತ ಇಳಿಯುತ್ತ ವರ್ಷದ ಕೊನೆಗೆ 22ಕ್ಕೆ ಬಂತು. ಆಗಸ್ಟಿನಲ್ಲಿ 150ಕ್ಕೂ ಹೆಚ್ಚು ಹಡಗು ಎರಡೂ ಬದಿಯಲ್ಲಿ ಲಂಗರು ಹಾಕಿ ಕಾಯುತ್ತಿದ್ದವು.

ಸರದಿ ತಪ್ಪಿಸಿ ಮುಂದೆ ಹೋಗಲು ಹರಾಜಿದೆ. ನವೆಂಬರಿನಲ್ಲಿ ಜಪಾನಿನ ಒಂದು ಕಂಪನಿ ಒಂದೇ ಹಡಗಿನ ಒಂದೇ ಸರದಿಗೆ ಸುಮಾರು 40 ಲಕ್ಷ ಡಾಲರ್ ಕೂಗಿತು. ಮಾಮೂಲಿ ಸುಂಕ ಬೇರೆ. 1928ರಲ್ಲಿ ರಿಚರ್ಡ್ ಹ್ಯಾಲಿಬರ್ಟನ್ ಎಂಬ ಸಾಹಸಿ ತನ್ನನ್ನೂ ಹಡಗೆಂದೇ ಲೆಕ್ಕ ಹಾಕಿಸಿ, ಮೈತೂಕಕ್ಕೆ ತಕ್ಕ ಸುಂಕ 36 ಸೆಂಟ್ ಕಟ್ಟಿ ಇದೇ ಕಾಲುವೆಯನ್ನು ಈಜಿ ದಾಟಿದ್ದ. ತೊಟ್ಟಿಯ ನೀರು ಅವನಿಗೂ ಅಷ್ಟೇ ಖರ್ಚಾಗಿರಬೇಕು ಎಂಬ ಯೋಚನೆ ನನಗೆ ಆಗಾಗ ಬರುತ್ತದೆ.

ವಿಚಿತ್ರವೆಂದರೆ ಹಡಗು ಕಡಿಮೆಯಾದರೂ ಕಾಲುವೆಯ ವರಮಾನ ಇಳಿಯಲಿಲ್ಲ. ಮುಂದಿನ ಆರ್ಥಿಕ ವರ್ಷದಲ್ಲೂ ಸುಮಾರು 500 ಕೋಟಿ ಡಾಲರ್ ಬಂತು. ಬರ ಬಂದರೆ ಟ್ಯಾಂಕರಿನವನಿಗೆ ನಷ್ಟವಿಲ್ಲ.

* * *

ಮತ್ತೆ ಆ 2006ರ ಮಾತಿಗೆ ಬರೋಣ. 2024ರ ಜುಲೈನಲ್ಲಿ ಪನಾಮಾದ ಸುಪ್ರೀಂ ಕೋರ್ಟ್, ಜಲಾನಯನದ ಹಳೆಯ ಗೆರೆಯನ್ನು ಅಳಿಸಿದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು. ಗೆರೆ ಮತ್ತೆ ನಕ್ಷೆಯ ಮೇಲೆ ಬಂತು, ಜೊತೆಗೆ ಇಂಡಿಯೊ ನದಿಯ ಅಣೆಕಟ್ಟೂ ಬಂತು. ಗಾತುನ್‌ನ ಪಶ್ಚಿಮಕ್ಕಿರುವ ಈ ನದಿಗೆ ಕಟ್ಟೆ ಹಾಕಿ, ಸುಮಾರು 4,600 ಹೆಕ್ಟೇರ್ ಮುಳುಗಿಸಿ, ಗುಡ್ಡದೊಳಗೆ ಸುರಂಗ ಕೊರೆದು ನೀರನ್ನು ಕೆರೆಗೆ ತರುವ ಯೋಜನೆ. ಖರ್ಚು ಸುಮಾರು 160 ಕೋಟಿ ಡಾಲರ್, 2032ರ ಹೊತ್ತಿಗೆ ಮುಗಿಸುವ ಗುರಿ. ಎರಡು ಸಾವಿರಕ್ಕೂ ಹೆಚ್ಚು ಜನ ಎತ್ತಂಗಡಿಯಾಗಬೇಕು. ಶರಾವತಿಯ ಕಡೆಯವರಿಗೆ ಮುಳುಗಡೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮನೆ ಎಲ್ಲಿತ್ತೆಂದು ಕೇಳಿದರೆ ನೀರಿನತ್ತ ಕೈ ತೋರಿಸುವ ಮುದುಕರು ಅಲ್ಲಿ ಈಗಲೂ ಸಿಗುತ್ತಾರೆ.

ಗಾತುನ್ ಕೆರೆಯಡಿಯೂ ಊರುಗಳಿವೆ. 1910ರ ದಶಕದಲ್ಲಿ ಚಾಗ್ರೆಸ್ ದಂಡೆಯ ಪೇಟೆಗಳನ್ನೂ ರೈಲು ನಿಲ್ದಾಣಗಳನ್ನೂ ಖಾಲಿ ಮಾಡಿಸಿ ನೀರು ನಿಲ್ಲಿಸಿದರು. ಆಗ ಮುಳುಗಿದ ಕಾಡಿನ ಮರಗಳು ಇನ್ನೂ ಕೊಳೆಯದೆ ನಿಂತಿವೆ. ಮುಳುಗುಗಾರರು ಇಳಿದು ಅವನ್ನು ಕೊಯ್ದು ತೇಲಿಸಿ ಮಾರುತ್ತಾರೆ. ಮುಳುಗದೆ ಉಳಿದ ಒಂದು ಗುಡ್ಡದ ತಲೆ ಬಾರೊ ಕೊಲೊರಾಡೊ ಎಂಬ ದ್ವೀಪವಾಯಿತು. 1923ರಿಂದ ಅದು ವಿಜ್ಞಾನಿಗಳ ಕಾಡು.

ಕಾಲುವೆಯವರ ಮಾತಿನಲ್ಲಿ ಸುಳ್ಳಿಲ್ಲ: ಆ ಕೆರೆಯಿಂದ ಹಡಗು ಮಾತ್ರವಲ್ಲ, ಊರಿನ ನಲ್ಲಿಗಳೂ ನಡೆಯಬೇಕು, ಜನ ಹೆಚ್ಚಿದ್ದಾರೆ, ಮಳೆ ಹೇಳಿದ ಮಾತು ಕೇಳುತ್ತಿಲ್ಲ. ಪರಿಹಾರ ಕೊಡುತ್ತೇವೆ, ಮನೆ ಕಟ್ಟಿಸುತ್ತೇವೆ ಎನ್ನುತ್ತಿದ್ದಾರೆ. ಮನೆಮನೆ ಎಣಿಕೆಯೂ ನಡೆದಿದೆ. ಎಣಿಸಲು ಬಂದವರನ್ನು ಕೆಲವೂರಿನವರು ಒಳಗೆ ಬಿಡಲಿಲ್ಲ. ಅಣೆಕಟ್ಟು ಬೇಕಿಲ್ಲ ಎಂದು 2006ರಲ್ಲಿ ಹೇಳಿದವರು ಯಾರು, ಈಗ ಬೇಕು ಎನ್ನುವವರು ಯಾರು ಎಂದು ಅವರು ಕೇಳಿದರೆ ಕೊಡಲು ಸುಲಭದ ಉತ್ತರ ಯಾರ ಬಳಿಯೂ ಇಲ್ಲ. 2025ರಲ್ಲಿ ಅವರು ತಮ್ಮ ತೆಳ್ಳನೆಯ ದೋಣಿಗಳಲ್ಲಿ ಸಾಲಾಗಿ ಹೊರಟು, ನದಿಯ ಮೇಲೆಯೇ ಪ್ರತಿಭಟನೆ ಮಾಡಿದರು.

ನಿನ್ನೆ ರಾತ್ರಿಯೂ ಮೊಬೈಲ್ ತೆರೆದೆ. ಮಿರಾಫ್ಲೋರೆಸ್‌ನಲ್ಲಿ ಮಳೆ ಬರುತ್ತಿತ್ತು, ಕ್ಯಾಮೆರಾದ ಗಾಜಿನ ಮೇಲೆ ಹನಿಗಳು. ಹಡಗಿನ ಪಕ್ಕದಲ್ಲಿ ಇಬ್ಬರು ಹುಟ್ಟು ಹಾಕುತ್ತಿದ್ದರು. ಗಾತುನ್, ಆಗ್ವಾ ಕ್ಲಾರಾ, ಕೊಕೊಲಿ ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡಿದೆ. ಇಂಡಿಯೊ ನದಿಗೆ ಅವರು ಕ್ಯಾಮೆರಾ ಹಾಕಿಲ್ಲ.